ತೆರೆದಳೋ, ತೊರೆದಳೋ

ಗಜೇಂದ್ರಗಡದ ಗುಡ್ಡದ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಒಂದು ಅಂಗಡಿಯ ಬಾಗಿಲು ಅರ್ಧ ಎತ್ತಿದೆ. ಒಳಗೆ ನಾಹೀದ ಸ್ಪೀಕರೊಂದನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಅದರ ಕಾಗದದ ಬಟ್ಟಲಿನ ಮೇಲೆ ಬೆರಳ ತುದಿಗಳನ್ನಿಟ್ಟು, ಕೂಸಿನ ನೆತ್ತಿ ಮುಟ್ಟಿದಷ್ಟು ಮೆಲ್ಲಗೆ ಒತ್ತುತ್ತಾರೆ. ಕಿವಿ ಹತ್ತಿರ ತರುತ್ತಾರೆ. ಮತ್ತೆ ಒತ್ತುತ್ತಾರೆ. ಒಳಗಿನ ತಂತಿಯ ಸುರುಳಿ ಎಲ್ಲಾದರೂ ತಾಗುತ್ತಿದ್ದರೆ ಈ ಹೊತ್ತಿನಲ್ಲಿ ಮಾತ್ರ ಗೊತ್ತಾಗುತ್ತದೆ. ಮೊದಲ ಬಸ್ಸು ಬಂತೆಂದರೆ ಮುಗಿಯಿತು.

“ಇದು ಕೆರೀತೈತ್ರಿ,” ಎನ್ನುತ್ತಾರೆ. “ಭಾಳ ಇಲ್ಲ, ಕೂದಲಷ್ಟು. ಆದ್ರ ಕೂದಲ ಬಾಯಾಗ ಬಂದ್ರ ನೀವು ಸುಮ್ಮನ ಉಣ್ತೀರೇನು?”

ಹರಿದ ಸ್ಪೀಕರಿಗೆ ಹೊಸ ಕಾಗದ ಕೂಡಿಸುವುದು, ಸುಟ್ಟ ಸುರುಳಿ ಬಿಚ್ಚಿ ಮತ್ತೆ ಸುತ್ತುವುದು ನಾಹೀದ ಅವರ ಕಾಯಕ. ಯಾವಗಲ್ ಕಡೆಯ ಟ್ರ್ಯಾಕ್ಟರುಗಳಿಂದ ಹಾಡಿ ಹಾಡಿ ಹರಿದವು ಬರುತ್ತವೆ. ಮಸೀದಿಯವು, ಭಜನಾ ಮಂಡಳಿಯವು, ಶಾಲೆಯವು ಬರುತ್ತವೆ. ಹೊಳೆಆಲೂರಿಗೆ ಮಲಪ್ರಭೆ ನುಗ್ಗಿದ ವರ್ಷ ಕೆಸರು ತುಂಬಿದ ಪೆಟ್ಟಿಗೆಗಳು ಗೋಣಿಚೀಲದಲ್ಲಿ ಬಂದಿದ್ದವು. ಅವನ್ನು ನೆರಳಿನಲ್ಲೇ ಒಣಗಿಸಬೇಕು. ಬಿಸಿಲಿಗೆ ಹಿಡಿದರೆ ಕಾಗದ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಈಗೀಗ ಕೆಟ್ಟದ್ದನ್ನು ರಿಪೇರಿಗೆ ತರುವವರು ಕಡಿಮೆ, ಗುಜರಿಗೆ ಹಾಕಿ ಹೊಸದು ತರುವವರೇ ಹೆಚ್ಚು. ಕೆಲವು ದಿನ ಕಟ್ಟೆಯ ಮೇಲೆ ಕೂತು ಬಸ್ಸು ನೋಡುವುದೇ ಕೆಲಸವಾಗುತ್ತದೆ.

ವಿದ್ಯೆ ತಂದೆ ಮೌಲಾಸಾಬರದು. ಅವರ ಕಣ್ಣು ಮಂಜಾದಾಗ ಸಣ್ಣ ತಂತಿಯನ್ನು ಮಗಳ ಬೆರಳಿಗೆ ಒಪ್ಪಿಸಿದರು. ಅವರು ತೀರಿಕೊಂಡ ಮೇಲೂ ಬಹಳ ಕಾಲ ಗಿರಾಕಿಗಳು ಬಾಗಿಲಲ್ಲಿ ನಿಂತು, “ಮಾಲಕರು ಎಲ್ಲೆದಾರ?” ಎಂದೇ ಕೇಳುತ್ತಿದ್ದರು.

“ಚಾ ಕುಡ್ಯಾಕ ಹೋಗ್ಯಾರ, ಕುಂದರ್ರಿ ಅಂತಿದ್ದೆ,” ನಾಹೀದ ನಗುತ್ತಾರೆ. “ಕೆಲಸ ಮುಗಿಸಿ ಕೈಯಾಗ ಕೊಟ್ಟು, ಮಾಲಕರು ಬಂದ್ರು ನೋಡ್ರಿ ಅಂತಿದ್ದೆ.”

ಮೌಲಾಸಾಬರು ಪೆಟ್ಟಿಗೆಗಳನ್ನೂ ಕಟ್ಟುತ್ತಿದ್ದರು. ಹಳೆಯ ಬಾಗಿಲಿನ ಸಾಗವಾನಿ ಹಲಗೆ ಕೊಯ್ದು, ಒಳಗೆ ಹತ್ತಿ ತುಂಬಿ, ಮನೆಯಲ್ಲಿಟ್ಟು ಕೇಳುವಂಥ ಜೋಡಿ ಪೆಟ್ಟಿಗೆಗಳು. ಅವರ ಕೈಯವು ಒಂದೊಂದಾಗಿ ಹಾಳಾದವು. ಇನ್ನೂ ಹಾಡುತ್ತಿರುವ ಜೋಡಿ ಒಂದೇ. ಅದು ರೋಣದಲ್ಲಿ, ಪುಷ್ಪಾವತಿಯವರ ಮನೆಯಲ್ಲಿದೆ.

ಪುಷ್ಪಾವತಿಯವರ ಸೋದರಮಾವ ಸುತ್ತಲಿನ ಊರುಗಳಲ್ಲಿ ಪುರಾಣ ಓದುತ್ತಿದ್ದವರು. ಅವರ ಓದನ್ನು ಮನೆಯವರು ಧ್ವನಿಮುದ್ರಿಸಿಟ್ಟಿದ್ದಾರೆ. ಸೋಮವಾರ ಮಧ್ಯಾಹ್ನ ಓಣಿಯ ಹೆಂಗಸರು ಬತ್ತಿ ಹೊಸೆಯುತ್ತ ಅದನ್ನು ಕೇಳುತ್ತಾರೆ. ಪಡಸಾಲೆ ಸಾಲದೆ ಅರ್ಧ ಮಂದಿ ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದುದನ್ನು ನೋಡಿ ಪುಷ್ಪಾವತಿಯವರು ಹೋದ ವರ್ಷ ನಡುಗೋಡೆ ಒಡೆಸಿ, ಪಕ್ಕದ ಕೋಣೆಯನ್ನೂ ಸೇರಿಸಿ ದೊಡ್ಡ ಹಾಲು ಮಾಡಿಸಿದರು. ಗೋಡೆಯ ಜೊತೆ ಪೆಟ್ಟಿಗೆಗಳಿದ್ದ ಹಳೆಯ ಗೂಡೂ ಹೋಯಿತು. ಹೊಸ ಹಾಲಿನಲ್ಲಿ ಅವಕ್ಕೆಂದೇ ಮೇಲೆ, ತೊಲೆಯ ಸಮಕ್ಕೆ, ಕಲ್ಲಿನ ಹಲಗೆ ಕೂಡಿಸಿದರು.

ಎಲ್ಲರಿಗೂ ಜಾಗವಾಯಿತು. ಆದರೆ ಹಿಂದಿನ ಸಾಲಿನಲ್ಲಿ ಜಗಳ ಶುರುವಾಯಿತು.

ಕತೆಯಲ್ಲಿ ಸಿಟ್ಟುಮಾಡಿಕೊಂಡು ಹೋದ ಮಗ ವರ್ಷಗಳ ಮೇಲೆ ತಿರುಗಿ ಬರುತ್ತಾನೆ. “ಬಂದ ಮಗನಿಗೆ ತಾಯಿ ಮನೆಯ ತೆರೆದಳು” ಎಂದು ಮಾವನವರು ರಾಗ ಎಳೆಯುತ್ತಾರೆ. ಮುಂದಿದ್ದವರಿಗೆ ಹಾಗೇ ಕೇಳಿಸಿತು. ಹಿಂದಿನ ಗೋಡೆಗೆ ಒರಗಿದ್ದ ಹುಚ್ಚವ್ವನಿಗೆ ಕೇಳಿಸಿದ್ದು “ತೊರೆದಳು”.

“ಬಂದ ಮಗನ್ನ ನೋಡಿ ಮನಿ ಬಿಟ್ಟು ಹೋಗೂ ತಾಯಿ ಎಂಥಾಕಿ ಬೇ? ಅಂಥಾಕಿ ಕತಿ ನನಗ ಬ್ಯಾಡ,” ಎಂದು ಆ ಹಿರಿಯ ಜೀವ ಬತ್ತಿಯ ಬುಟ್ಟಿ ಎತ್ತಿಕೊಂಡು ಎದ್ದು ಹೋಯಿತು. ಮುಂದಿನ ಸೋಮವಾರ ಬರಲಿಲ್ಲ. ಅವರ ಹಿಂದೆ ಇನ್ನೂ ಕೆಲವರು ಬರುವುದನ್ನು ಬಿಟ್ಟರು. ಕೇಳುವವರಿಗಾಗಿ ಗೋಡೆ ಒಡೆಸಿದ ಮನೆಯಲ್ಲಿ ಕೇಳುವವರೇ ಕಡಿಮೆಯಾದರು.

ಪುಷ್ಪಾವತಿಯವರು ಫೋನು ಮಾಡಿದ್ದು ಆಗ. “ಹಾಲ್ ದೊಡ್ಡದಾತು, ಪೆಟ್ಟಿಗಿ ಸಣ್ಣವಾದ್ವು ಅನಸ್ತೈತವ್ವಾ. ಬದಲಿ ಮಾಡೂದೋ ಬ್ಯಾಡೋ, ನೀ ಹೇಳಿದಂಗ.”

ಹೇಳುವುದು ನಾಹೀದರಿಗೆ ಸುಲಭವಿರಲಿಲ್ಲ. “ಬ್ಯಾಡ ಅಂತ ಬಾಯಿಗೆ ಬಂದಿತ್ರಿ. ಆದ್ರ ಹಂಗ ಅನ್ನಾಕಿ ಯಾರು, ನನ್ನ ಕಿವಿಯೋ, ಅಬ್ಬಾನ ಮಗಳೋ? ನನಗ ತಿಳೀಲಿಲ್ಲ. ತಂದಿ ಪೆಟ್ಟಿಗಿ ಉಳೀಲಿ ಅಂತ ಅವರ ಪುರಾಣ ಕೆಡಿಸಬಾರದಲ್ರಿ?”

ತನ್ನ ಮೇಲೆ ತನಗೇ ನಂಬಿಕೆ ಬಾರದೆ ಅವರು ಒಡಹುಟ್ಟಿದ ತಮ್ಮ ರಫೀಕನ ಮಾತಿಗೆ ಒಪ್ಪಿದರು. ರಫೀಕ ಮದುವೆಗಳಿಗೆ ಧ್ವನಿವರ್ಧಕ ಹಾಕುವವ. “ಆಪಾ, ಮಂದಿ ಹೆಚ್ಚಾದ್ರ ದೊಡ್ಡ ಪರಾತಿನ್ಯಾಗ ಹಿಟ್ಟು ನಾದ್ತಾರ. ಇದೂ ಹಂಗ,” ಎಂದು ಎದೆಯೆತ್ತರದ ಎರಡು ಕರಿ ಸ್ಪೀಕರುಗಳನ್ನು ಅಕ್ಕನ ಜೊತೆ ರೋಣಕ್ಕೆ ತಂದು ಮುಂದಿನ ಗೋಡೆಗೆ ನಿಲ್ಲಿಸಿದ. ಹುಚ್ಚವ್ವನನ್ನು ಪುಷ್ಪಾವತಿಯವರೇ ಹೋಗಿ ಕರೆತಂದರು. ಓದು ಶುರುವಾಯಿತು. ಕಿಟಕಿಯ ಗಾಜು ನಡುಗಿತು. ಹುಚ್ಚವ್ವ ಸೆರಗಿನಿಂದ ಕಿವಿ ಮುಚ್ಚಿಕೊಂಡರು.

“ಯವ್ವಾ, ನಿಮ್ಮ ಮಾವ ಯಾಕ ಹಿಂಗ ಬಯ್ಯಾಕ ಹತ್ಯಾನ?”

“ಮಾತು ತಿಳೀತೇನ್ ಆಯಿ?” ಎಂದ ರಫೀಕ.

“ಬಯ್ಯೂದು ತಿಳೀತಪ್ಪ. ಯಾರಿಗಂತ ತಿಳೀಲಿಲ್ಲ.”

ಹುಚ್ಚವ್ವ ಮತ್ತೆ ಎದ್ದು ಹೋದರು. ದನಿ ದೊಡ್ಡದಾಗಿತ್ತು, ಆದರೆ ಒಂದು ಮಾತಿನ ಬಾಲ ಇನ್ನೊಂದು ಮಾತಿನ ತಲೆಯ ಮೇಲೆ ಬೀಳುವುದು ತಪ್ಪಿರಲಿಲ್ಲ. ರಫೀಕ ಸ್ಪೀಕರುಗಳನ್ನು ಟೆಂಪೋಗೆ ಏರಿಸುವಾಗ ನಾಹೀದ ಹಳೆಯವನ್ನೇ ಮತ್ತೆ ಹಾಕಿಸಿ, ಹುಚ್ಚವ್ವ ಕೂರುವ ಜಾಗದಲ್ಲಿ ಹೋಗಿ ಕೂತರು. ಅಲ್ಲಿಂದ ನೋಡಿದರೆ ಪೆಟ್ಟಿಗೆಗಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತೊಲೆಗೆ ಪುರಾಣ ಹೇಳುತ್ತಿದ್ದವು. ಬರಿಯ ಗೋಡೆ, ನುಣುಪು ನೆಲ ಅದನ್ನು ಅತ್ತಿತ್ತ ಎಸೆದಾಡುತ್ತಿದ್ದವು.

“ಇವನ್ನ ಕೆಳಗ ಇಳಸ್ರಿ ಅಕ್ಕಾರ. ಕುಂತವರ ಕಿವಿ ಸಮಕ್ಕ.”

ಪುಷ್ಪಾವತಿಯವರ ಮುಖ ಸಣ್ಣದಾಯಿತು. “ನೆಲಕ್ಕ? ಪುರಾಣನ್ನ ಕಾಲಿನ ಮಟ್ಟಕ್ಕ ಇಡೂದೇನವ್ವಾ? ಅದಕ್ಕಂತನ ಮ್ಯಾಲ ಕಲ್ಲ ಕೂಡಿಸೀನಿ.”

ನಾಹೀದ ತಲೆಯೆತ್ತಿ ಆ ಕಲ್ಲನ್ನು ನೋಡಿದರು. ಆಮೇಲೆ ಅಂದದ್ದು ಇಷ್ಟು. “ನಮ್ಮನ್ಯಾಗ ಕುರಾನ್ ಮ್ಯಾಲ ಗೂಡಿನ್ಯಾಗ ಇರತೈತ್ರಿ. ಓದೂ ಹೊತ್ತಿಗೆ ಇಳಸತೀವಿ. ಪುಸ್ತಕ ಇಡೂ ಕಟ್ಟಿಗಿ ರೆಹಾಲ್ ಮ್ಯಾಲ, ಎದಿ ಮುಂದ ಇಟಗೊಂಡು ಓದತೀವಿ. ಓದಿ ಮುಗದ ಮ್ಯಾಲ ಮತ್ತ ಗೂಡಿಗೆ.”

ಪುಷ್ಪಾವತಿಯವರು ಒಳಗೆ ಹೋದರು. ಬರುವಾಗ ಕೈಯಲ್ಲಿ ಊಟಕ್ಕೆ ಕೂರುವ ಎರಡು ಮಣೆ, ಮಡಿಯಾಗಿ ಒಗೆದ ಎರಡು ಬಟ್ಟೆ. “ಮಾವನೂ ನೆಲದ ಮ್ಯಾಲ ಕುಂತ ಓದತಿದ್ದ. ಪುಸ್ತಕ ವ್ಯಾಸಪೀಠದ ಮ್ಯಾಲ, ಮೊಣಕಾಲ ಮುಂದ. ನನಗ ಹ್ಯಾಂಗ ಮರತು ಹೋತು?”

ಮಣೆಯ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಪೆಟ್ಟಿಗೆ. ಹಿಂದಿನ ಗೋಡೆಗೆ ಮನೆಯ ಕೌದಿಗಳನ್ನೆಲ್ಲ ತೂಗುಹಾಕಿದರು. ಮುಂದೆ ಬಿಟ್ಟಿದ್ದ ಜಾಗಕ್ಕೆ ಚಾಪೆ ಎಳೆದು ಸಾಲನ್ನು ಹತ್ತಿರ ಮಾಡಿದರು. ಸರಿಯಾಯಿತೇ ಎಂದು ಪುಷ್ಪಾವತಿಯವರು ಕೇಳಿದಾಗ ನಾಹೀದ ಅಡ್ಡಡ್ಡ ತಲೆಯಾಡಿಸಿಬಿಟ್ಟರು. “ನನ್ನ ಕೇಳಬ್ಯಾಡ್ರಿ. ನಿಮ್ಮ ಕಿವಿ ಮಾತೂ ಬ್ಯಾಡ, ನಿಮಗ ಬಾಯಿಪಾಠ ಐತಿ. ಆಯಿನ್ನ ಕರೀರಿ. ಆಕಿ ತೊರೆದಳು ಅಂದ್ರ ನಾನ ಹೊಸಾವು ತಂದು ಕೂಡಸತೀನಿ, ಇವನ್ನ ಹೊತಗೊಂಡು ಹೋಗತೀನಿ.”

ಹುಚ್ಚವ್ವ ಸುಲಭಕ್ಕೆ ಬರಲಿಲ್ಲ. ಬಂದವರು ಹಿಂದಿನ ಗೋಡೆಗೇ ಹೋಗಿ ಕೂತು, ಯಾರ ಮುಖವನ್ನೂ ನೋಡದೆ ಬತ್ತಿ ಹೊಸೆಯತೊಡಗಿದರು. ಓದು ನಡೆಯಿತು. ಮಗ ಹೊಳೆ ದಾಟಿದ, ಊರ ಅಗಸೆಬಾಗಿಲಿಗೆ ಬಂದ, ಮನೆಯ ಬಾಗಿಲಲ್ಲಿ ನಿಂತ. ನಾಹೀದ ಕಂಬ ಹಿಡಿದು ನೆಲ ನೋಡುತ್ತಿದ್ದರು. ಹುಚ್ಚವ್ವನ ಕೈ ನಿಂತಿತು.

“ತೆರೆದಳು,” ಎಂದರು ಹುಚ್ಚವ್ವ. ಮತ್ತೆ ಸಿಟ್ಟಿನಿಂದ, “ಮತ್ತ ಆವತ್ತ ಯಾಕ ಸುಳ್ಳ ಹೇಳಿದ್ರಿ?”

ಪೆಟ್ಟಿಗೆಗಳು ಉಳಿದವು. ಆದರೆ ನಾಹೀದ ಅಷ್ಟಕ್ಕೇ ಬಿಡಲಿಲ್ಲ. ಎಡಗಡೆಯ ಕಾಗದದ ಅಂಚು ಒಣಗಿ ಬಿರುಕು ಬಿಟ್ಟಿದೆ, ಬದಲಿಸಬೇಕು ಎಂದರು. ತಂದೆಯ ಕೈಗೆಲಸ ಹೋಗುವುದಲ್ಲ ಎಂದು ಪುಷ್ಪಾವತಿಯವರು ನೊಂದುಕೊಂಡರೆ ನಾಹೀದ ನಕ್ಕರು. “ಅಬ್ಬಾನೂ ಯಾರೋ ಸುತ್ತಿದ್ದನ್ನ ಬಿಚ್ಚೇ ಸುತ್ತತಿದ್ರು.”

ಇಂಥವರಿಗೆ ಆಸೆಯೇನಿದ್ದೀತು? ಕೇಳಿದರೆ ಸ್ಪೀಕರಿನ ಧೂಳು ಊದುತ್ತ ಯೋಚಿಸುತ್ತಾರೆ. “ಇಷ್ಟು ವರ್ಷ ಮಂದಿ ಮನ್ಯಾಗ ನಿಂತ ಕೇಳೀನ್ರಿ. ಸಪ್ಪಳ ಕೇಳೀನಿ, ಮಾತು ಕೇಳಿಲ್ಲ. ಒಮ್ಮೆ ಕುಂತ ಕೇಳಬೇಕಂತ ಐತಿ.”

ಹೋದ ಸೋಮವಾರ ಅಂಗಡಿ ಮುಚ್ಚಿ ರೋಣದ ಬಸ್ಸು ಹತ್ತಿದರು. ಹುಚ್ಚವ್ವ ಸರಿದು ಜಾಗ ಮಾಡಿ, ಕೈಗೊಂದು ಹಿಡಿ ಹತ್ತಿ ಕೊಟ್ಟು, “ಸುಮ್ಮನ ಕುಂದರಬ್ಯಾಡ, ಹೊಸಿ,” ಎಂದರು. ಕತೆ ಅಂದು ಮುಂದಕ್ಕೆ ಹೋಗಿತ್ತು. ತಾಯಿ ಮಗನಿಗೆ ಎಲ್ಲಿದ್ದೆ, ಯಾಕೆ ಹೋದೆ ಎಂದು ಒಂದನ್ನೂ ಕೇಳದೆ ಬಿಸಿರೊಟ್ಟಿ ಬಡಿಯಲು ಕೂತಿದ್ದಳು. ಮಂಗಳ ಮುಗಿದು ಎಲ್ಲರೂ ಏಳುವಾಗ ಪುಷ್ಪಾವತಿಯವರು ಕೇಳಿದರು: “ಎಡಗಡೆದು ಈಗ ಹ್ಯಾಂಗ ಕೇಳಸ್ತೈತಿ, ನಾಹೀದ?”

ನಾಹೀದ ತಟ್ಟನೆ ಪೆಟ್ಟಿಗೆಗಳ ಕಡೆ ತಿರುಗಿದರು. ಕಣ್ಣು ಒರೆಸಿಕೊಂಡು ನಕ್ಕರು.

“ಅಯ್ಯ, ಅದನ್ನ ನೋಡೂದ ಮರತೆ ನೋಡ್ರಿ.”