ಅವ್ವನ ಹೆಬ್ಬೆರಳಿನ ಉಗುರು

ಕಾಫಿಗೆ ಒಮ್ಮೆಲೇ ರೇಟು ಬಂದು, ಗದ್ದೆಯಂಚಿನ ಅರ್ಧ ಎಕರೆಯವರೂ ಗುಂಡಿ ತೋಡಿ, ಗಿಡ ಎಲ್ಲಿ ಸಿಗುತ್ತದೆ ಎಂದು ಅಲೆಯುತ್ತಿದ್ದ ವರ್ಷಗಳವು. ನಾನಾಗ ಎಂಟನೇ ಕ್ಲಾಸು. ಬೆಳಗೋಡಿನಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ನಮ್ಮ ಮನೆ. ಆ ಕಡೆ ಬೆಳೆದವರಿಗೆ ಫೆಬ್ರವರಿ ಬಂತೆಂದು ಮೂಗೇ ಹೇಳುತ್ತಿತ್ತು. ಎಸ್ಟೇಟಿನ ಕಣದಲ್ಲಿ ಹರವಿದ ಕಾಫಿ ಹಣ್ಣಿನ ಹುಳಿವಾಸನೆ ನಮ್ಮ ಬಟ್ಟೆಗೆ, ತಲೆಗೂದಲಿಗೆ, ಕೊನೆಗೆ ಬೆಳಗಿನ ಅಕ್ಕಿರೊಟ್ಟಿಗೂ ಹತ್ತಿಕೊಂಡಿರುತ್ತಿತ್ತು.

ಅವ್ವ ಎಸ್ಟೇಟಿಗೆ ಹಣ್ಣು ಕುಯ್ಯಲು ಹೋಗುತ್ತಿದ್ದಳು. ಸೊಂಟಕ್ಕೆ ಚೀಲ ಕಟ್ಟಿಕೊಂಡು ಇಳಿಜಾರಿನಲ್ಲಿ ಇಡೀ ದಿನ ನಿಲ್ಲುವ ಕೆಲಸ. ಸಂಜೆ ಮನೆಗೆ ಬಂದು ಒಂದು ಚೊಂಬು ನೀರನ್ನು ಉಸಿರು ಬಿಡದೆ ಕುಡಿಯುತ್ತಿದ್ದಳು. ತೋಟದಲ್ಲಿ ಯಾಕೆ ಕುಡಿಯುವುದಿಲ್ಲ ಎಂದು ನಾನೊಮ್ಮೆ ಕೇಳಿದಾಗ, ಅವಳ ಜೊತೆಯಲ್ಲಿ ಕುಯ್ಯುತ್ತಿದ್ದ ಪಕ್ಕದ ಮನೆಯ ಗಂಗಕ್ಕ ನಕ್ಕುಬಿಟ್ಟಿದ್ದಳು.

"ಕುಡುದ್ರೆ ಎಲ್ಲಿ ಕೂರಾದು ಮಗಾ? ಗಂಡಸ್ರಿಗೆ ಮರಕ್ಕೊಂದು ಮರೆ ಐತೆ. ನಾವೇನು ಲೆಕ್ಕ ಬರಿಯೋ ರೈಟರ್ ಮುಂದೆ ಕೂರಾನಾ?"

ಅವ್ವನೂ ನಗುತ್ತಿದ್ದಳು. ಆದರೆ ರಾತ್ರಿಯೆಲ್ಲ ಉರಿಮೂತ್ರ ಅಂತ ಜೀರಿಗೆ ನೀರು ಕಾಯಿಸಿಕೊಳ್ಳುತ್ತಿದ್ದವಳೂ ಅವಳೇ. ಇದರಿಂದ ಬಿಡುಗಡೆಯಾಗಬೇಕು ಅಂತಲೇ ಅವಳು ನರ್ಸರಿ ಮಾಡಿದ್ದು. ಹಿತ್ತಿಲ ಹಳ್ಳದ ಪಕ್ಕ ಚಪ್ಪರ ಹಾಕಿ, ಮಡಿ ಮಾಡಿ ಕಾಫಿ ಬೀಜ ಊರಿದ್ದಳು. ಅಪ್ಪ ಎಸ್ಟೇಟುಗಳಲ್ಲಿ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸದವನು. ಸಂಜೆ ಅವ್ವ ಮಣ್ಣುಗೈಯಲ್ಲಿ ಒಳಗೆ ಬಂದರೆ, "ಓಹೋ, ಓನರಮ್ಮ ಬಂದ್ರು, ಕುರ್ಚಿ ಹಾಕ್ರಪ್ಪ" ಅನ್ನುತ್ತಿದ್ದ. ನಮ್ಮ ಮನೆಯಲ್ಲಿ ಕುರ್ಚಿಯೇ ಇರಲಿಲ್ಲ.

ಕಾಫಿ ಬೀಜ ಮೊಳೆತು ಮೇಲೆ ಬರುವಾಗ ಆ ಬೀಜವನ್ನೇ ತಲೆಯ ಮೇಲೆ ಹೊತ್ತುಕೊಂಡು ಬರುತ್ತದೆ. ಅದಕ್ಕೆ ಟೋಪಿ ಅನ್ನುತ್ತೇವೆ. ಟೋಪಿ ಕಳಚಿ ಎರಡು ಎಲೆ ಬಿಚ್ಚಿದರೆ ಚಿಟ್ಟೆ. ಯಾರ ಬೆರಳಿಗೆ ಎಷ್ಟು ಟೋಪಿ ಸಿಗುತ್ತದೆ ಎಂದು ನಾವು ಮಕ್ಕಳು ಕದ್ದು ಕಳಚುತ್ತಿದ್ದೆವು, ಅವ್ವನ ಕೈಯಲ್ಲಿ ಬೆನ್ನಿಗೆ ಗುದ್ದು ತಿನ್ನುತ್ತಿದ್ದೆವು. ಟೋಪಿ ಇದ್ದಾಗಲೇ ಸಸಿಯನ್ನು ಕಿತ್ತು, ಮಣ್ಣು ತುಂಬಿದ ಕವರಿಗೆ ನೆಡಬೇಕು. ಅಲ್ಲಿತ್ತು ಅವ್ವನ ಕೈಗುಣ. ಸಸಿಯ ತಾಯಿಬೇರು ಉದ್ದವಾಗಿ, ಎಳೆಯದಾಗಿ ಇರುತ್ತದೆ. ಹಾಗೇ ತೂರಿಸಿದರೆ ಒಳಗೆ ಮಡಚಿಕೊಳ್ಳುತ್ತದೆ. ಅದಕ್ಕೆ ತುದಿಯನ್ನು ಚಿವುಟಿ, ಕಡ್ಡಿಯಲ್ಲಿ ಆಳವಾಗಿ ತೂತು ಮಾಡಿ, ನೆಟ್ಟಗೆ ಇಳಿಸಬೇಕು. ಚಿವುಟುವುದಕ್ಕೆಂದೇ ಅವ್ವ ಬಲಗೈ ಹೆಬ್ಬೆರಳಿನ ಉಗುರೊಂದನ್ನು ಉದ್ದ ಬಿಟ್ಟಿದ್ದಳು. ಹಣ್ಣು ಕುಯ್ದು ಕೈಯೆಲ್ಲ ಕಪ್ಪಾಗಿದ್ದರೂ ಆ ಉಗುರನ್ನು ಮಾತ್ರ ದಿನಾ ಹುಣಿಸೆಹಣ್ಣು ಹಾಕಿ ಉಜ್ಜುತ್ತಿದ್ದಳು.

"ಮಡಚ್ಕಂಡ ಬೇರು ಮೊದಲ್ನೇ ಮಳೇಲಿ ಸುಳ್ಳು ಹೇಳ್ತದೆ ಕಣೇ. ಬೇಸಿಗೇಲಿ ನಿಜ ಹೇಳ್ತದೆ" ಎನ್ನುತ್ತಿದ್ದಳು.

ಮೊದಲ ವರ್ಷದ ಗಿಡಗಳು ಊರಲ್ಲೇ ಖರ್ಚಾದವು, ಒಂದೂ ಸಾಯಲಿಲ್ಲ. ಆ ಮಾತು ಹೆಗ್ಗದ್ದೆಯವರೆಗೆ ಹೋಗಿ, ಅಲ್ಲಿಂದ ಒಬ್ಬ ಗೌಡರು ಜೀಪಿನಲ್ಲಿ ಬಂದು, ಎರಡನೇ ವರ್ಷದ ಅಷ್ಟೂ ಗಿಡ ತಮಗೇ ಬೇಕು ಎಂದು ಹೇಳಿ ಹೋದರು. ಅವತ್ತು ಅವ್ವ ಗಂಗಕ್ಕನಿಗೆ ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ: "ಇದೊಂದು ಸಲ ಕೈ ಹಿಡುದ್ರೆ ಬರೋ ವರ್ಷದಿಂದ ನಾನು ಕುಯ್ಯಕ್ಕೆ ಬರಕ್ಕಿಲ್ಲ ಕಣೆ ಗಂಗಿ. ನೀನೂ ಬಂದ್ಬುಡು, ಇಬ್ರೂ ನರ್ಸರಿ ಮಾಡನ. ಹೊಟ್ಟೆ ತುಂಬ ನೀರ್ ಕುಡ್ಕಂಡು."

ಆ ಫೆಬ್ರವರಿಯಲ್ಲೇ ನಮ್ಮ ಸ್ಕೂಲ್ ಡೇ. ನಾನು ಡ್ಯಾನ್ಸಿಗೆ ಸೇರಿದ್ದೆ. ಭಾನುವಾರ ಮಧ್ಯಾಹ್ನ ಕೊನೆಯ ಪ್ರಾಕ್ಟೀಸು, ಸೋಮವಾರ ಸ್ಕೂಲ್ ಡೇ. ಹತ್ತಿರದ ತೋಟದವರ ಮಗಳೊಬ್ಬಳು ನಮಗೆಲ್ಲ ಶನಿವಾರವೇ ಕೆಂಪು ನೇಲ್ ಪಾಲಿಶ್ ಹಚ್ಚಿದ್ದಳು. ನನ್ನ ಜೀವನದ ಮೊದಲ ನೇಲ್ ಪಾಲಿಶ್. ರಾತ್ರಿ ಊಟ ಮಾಡುವಾಗಲೂ ಬೆರಳು ದೂರ ಹಿಡಿದು ನೋಡಿಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಅವ್ವನಿಗೆ ಸೊಂಟ ಹಿಡಿದುಕೊಂಡಿತ್ತು. ಆದರೂ ಹಣ್ಣು ಉದುರುತ್ತಿದೆ, ಭಾನುವಾರವೂ ಬನ್ನಿ ಎಂದು ಎಸ್ಟೇಟಿನವರು ಹೇಳಿ ಕಳಿಸಿದ್ದರು. ಅವಳು ಸೊಂಟಕ್ಕೆ ಟವೆಲ್ ಬಿಗಿಯುತ್ತಾ ನನ್ನನ್ನು ಕರೆದಳು.

"ಮಗಾ, ಟೋಪಿ ಬಿಚ್ಕತಾ ಅವೆ. ಇವತ್ತು ತಪ್ಪುದ್ರೆ ಕೆಟ್ಟೋಯ್ತವೆ. ನಾಲ್ಕು ಸಾಲಲ್ಲಿ ಇನ್ನೂ ಎರಡು ಸಾಲು ಕವರೈತೆ, ನೆಟ್ಬುಡ್ತೀಯಾ? ನೀನು ನೋಡಿದೀಯಲ್ಲ, ಚಿವುಟೋದು ಹೆಂಗಂತ."

"ಹೂಂ ಕಣವ್ವ" ಅಂದೆ.

ಮೊದಲ ಹತ್ತು ಸಸಿಗಳನ್ನು ಸರಿಯಾಗೇ ನೆಟ್ಟೆ. ಹನ್ನೊಂದನೆಯದಕ್ಕೆ ಹೆಬ್ಬೆರಳಿನ ಬಣ್ಣ ಒಂದು ಚೂರು ಎದ್ದಿತು. ಉಗುರಿನ ಸಂದಿಯಲ್ಲಿ ಮಣ್ಣು. ನಾಳೆ ಸ್ಟೇಜಿನ ಮೇಲೆ ಎಲ್ಲರೂ ಕೈ ಎತ್ತಿದಾಗ ನನ್ನ ಕೈ ಮಾತ್ರ ಕೂಲಿಯವಳ ಕೈ ಥರ ಕಾಣುತ್ತದೆ ಅನ್ನಿಸಿತು. ಹೌದು, ಹಾಗೇ ಅನ್ನಿಸಿತು. ಆ ಪದವೇ ಬಂತು. ಅವ್ವನ ಕೈ ಎಂದುಕೊಳ್ಳಲಿಲ್ಲ.

ಆಮೇಲೆ ನಾನು ಬೇರು ಚಿವುಟಲಿಲ್ಲ. ಕಡ್ಡಿಯಲ್ಲಿ ಒಂದಿಷ್ಟು ತೂತು ಮಾಡಿ, ಸಸಿಯನ್ನು ಕಾಂಡ ಹಿಡಿದು ತುರುಕಿ, ಅದೇ ಕಡ್ಡಿಯಿಂದ ಮಣ್ಣು ಒತ್ತಿದೆ. ಒಳಗೆ ಬೇರು ಮಡಚಿಕೊಳ್ಳುವುದು ಬೆರಳಿಗೆ ಗೊತ್ತಾಗುತ್ತಿತ್ತು. ಎರಡೂ ಸಾಲನ್ನು ಹನ್ನೊಂದು ಗಂಟೆಯೊಳಗೆ ಮುಗಿಸಿ, ನೀರು ಚಿಮುಕಿಸಿ, ಬೆಳಗೋಡಿನ ಸ್ಕೂಲಿಗೆ ಓಡಿದೆ.

ಸಂಜೆ ಅವ್ವ ಚಪ್ಪರದೊಳಗೆ ಬಗ್ಗಲಾಗದೆ, ನಿಂತೇ ನೋಡಿದಳು. ನನ್ನ ಸಸಿಗಳೂ ಅವಳ ಸಸಿಗಳಂತೆಯೇ ಟೋಪಿ ಹೊತ್ತು ನಿಂತಿದ್ದವು.

"ನೋಡೇ ಗಂಗೀ, ನನ್ ಮಗಳು ಒಬ್ಳೇ ಮುಗಿಸ್ಬುಟ್ಟವ್ಳೆ! ಓದೋದ್ರಲ್ಲೂ ಮುಂದೆ, ಗೇಯೋದ್ರಲ್ಲೂ ಮುಂದೆ."

ಗಂಗಕ್ಕ ನನ್ನ ಕೈ ಹಿಡಿದು, "ಅಯ್ಯೋ, ನೆಟ್ಟ ಕೈಯಾ ಇದು? ಮದ್ವೆ ಹೆಣ್ಣಿನ ಕೈ ಇದ್ದಂಗೈತೆ" ಎಂದಳು. ಇಬ್ಬರೂ ನಕ್ಕರು. ನಾನೂ ನಕ್ಕೆ.

ಶ್ರಾವಣದಲ್ಲಿ ಗಿಡಗಳು ಹಸಿರಾಗಿ ಜೀಪಿನ ಟ್ರೈಲರ್ ಏರಿ ಹೋದವು. ಅವ್ವ ರಸ್ತೆಯವರೆಗೆ ಹಿಂದೆ ಹೋಗಿ ಬಂದಳು. ಆ ವರ್ಷ ಹಣ್ಣು ಶುರುವಾದಾಗ ಅವಳು ಎಸ್ಟೇಟಿಗೆ ಹೋಗಲಿಲ್ಲ. ಇನ್ನೂ ದೊಡ್ಡ ಮಡಿ ಮಾಡಿದಳು.

ಮುಂದಿನ ಏಪ್ರಿಲ್‌ನಲ್ಲಿ ಜೀಪು ಮತ್ತೆ ಬಂತು. ನಾನು ಬಾಗಿಲಲ್ಲಿ ಕೂತು ಓದುತ್ತಿದ್ದೆ. ಗೌಡರು ಒಣಗಿದ ಒಂದು ಕಂತೆ ಗಿಡಗಳನ್ನು ಅಂಗಳಕ್ಕೆ ಹಾಕಿದರು.

"ಏನಮ್ಮ ಲಕ್ಕಮ್ಮ, ನೀನು ಗಿಡ ಕೊಟ್ಯೋ, ಒಲೆಗೆ ಸೌದೆ ಕೊಟ್ಯೋ? ಅರ್ಧ ತೋಟ ಹಿಂಗೇ ನಿಂತೈತೆ. ಪಕ್ಕದವ್ರು ನೋಡಿ ನಗ್ತಾ ಅವ್ರೆ."

ಅವ್ವ ಒಂದು ಗಿಡ ಎತ್ತಿಕೊಂಡು ಬಕೆಟ್ಟಿನ ನೀರಿನಲ್ಲಿ ಬೇರು ತೊಳೆದಳು. ತಾಯಿಬೇರು ಗಾಳದ ಕೊಕ್ಕೆಯ ಹಾಗೆ ಮೇಲಕ್ಕೆ ಬಾಗಿತ್ತು. ಹೆಬ್ಬೆರಳಿನ ಉಗುರಿನಿಂದ ಅದರ ತುದಿಯನ್ನು ಮುಟ್ಟಿ ನೋಡಿದಳು. ಚಿವುಟಿದ ಗುರುತು ಇರಲಿಲ್ಲ. ಇನ್ನೊಂದು ತೊಳೆದಳು. ಅದೂ ಹಾಗೇ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು, ಒಂದೇ ಸಲ.

ಹೇಳಬೇಕಿತ್ತು. ಪುಸ್ತಕ ಕೆಳಗಿಟ್ಟು, ನಾನು ನೆಟ್ಟದ್ದು ಅನ್ನಬೇಕಿತ್ತು. ನಾನು ಪುಟ ತಿರುಗಿಸಿದೆ.

"ನನ್ನ ಕೈ ತಪ್ಪು ಅಯ್ಯ" ಅವ್ವ ಹೇಳಿದಳು. "ಸೊಂಟ ಹಿಡ್ಕಂಡಿತ್ತು, ಅವಸರ ಮಾಡ್ಬುಟ್ಟೆ. ಈ ವರ್ಷದ ಗಿಡ ಎಲ್ಲಾ ನಿಮ್ದೇ, ದುಡ್ಡು ಬ್ಯಾಡ, ತಗಂಡೋಗಿ."

"ಹೆಂಗಸ್ರ ನರ್ಸರಿ ನಂಬ್ಕಂಡ್ರೆ ಹಿಂಗೇಯ" ಎಂದು ಗೌಡರು ಜೀಪು ಹತ್ತಿದರು. ಆ ಮಾತೂ ಬಸ್ಸಿನಷ್ಟೇ ಬೇಗ ಊರೂರು ತಿರುಗಿತು. ಆ ಮಳೆಗಾಲದಲ್ಲಿ ಗೌಡರ ಟ್ರೈಲರ್ ಬಂದು ಇದ್ದಬದ್ದ ಗಿಡಗಳನ್ನೆಲ್ಲ ತುಂಬಿಕೊಂಡು ಹೋಯಿತು. ಬೇರೆ ಯಾರೂ ಕೇಳಿಕೊಂಡು ಬರಲಿಲ್ಲ.

ಹಣ್ಣು ಶುರುವಾದ ದಿನ ಬೆಳಿಗ್ಗೆ ಅವ್ವ ಹೊಸ್ತಿಲ ಮೇಲೆ ಕೂತು, ಅಪ್ಪನ ಬ್ಲೇಡಿನಿಂದ ಹೆಬ್ಬೆರಳಿನ ಉಗುರು ಕತ್ತರಿಸಿದಳು. "ಹಣ್ಣು ಕುಯ್ಯಕ್ಕೆ ಅಡ್ಡ ಬರ್ತದೆ" ಅಂದಳು, ಯಾರೂ ಕೇಳದಿದ್ದರೂ. ಆಮೇಲೆ ಗಂಗಕ್ಕನ ಜೊತೆ ಹೊರಟಳು. ಅಪ್ಪ ಅವಳನ್ನು ಓನರಮ್ಮ ಎಂದು ಮತ್ತೆ ಕರೆಯಲಿಲ್ಲ.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹಾಸನದಲ್ಲಿ ಹಾಸ್ಟೆಲ್ಲಿನಲ್ಲಿದ್ದು, ಎರಡು ಜೊತೆ ಬಟ್ಟೆಯಲ್ಲಿ ಮೂರು ವರ್ಷ ಕಳೆದು, ಒಂದು ಸಬ್ಜೆಕ್ಟೂ ಬಿಡದೆ ಪಾಸಾದೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಆ ಮೂರು ವರ್ಷವೂ ಅವ್ವ ನೀರು ಕುಡಿಯದೆ ಇಳಿಜಾರಿನಲ್ಲಿ ನಿಂತಿದ್ದಳು. ಫೋಟೋದಲ್ಲಿ ಡಿಗ್ರಿ ಹಿಡಿದ ನನ್ನ ಕೈ ಬಹಳ ಚೊಕ್ಕಟವಾಗಿದೆ. ನನಗೆ ಅದನ್ನು ಗೋಡೆಗೆ ಹಾಕಲು ಆಗಿಲ್ಲ. ಅವ್ವನೇ ಹಾಕಿದ್ದಾಳೆ.

ಒಮ್ಮೆ ಹೇಳಹೊರಟೆ. "ಅವ್ವ, ಆ ಹೆಗ್ಗದ್ದೆ ಗಿಡ..." ಅಂದೆ. "ಸಾರು ಆರ್ತದೆ, ಉಣ್ಣು" ಅಂದಳು.

ಆ ಹಿತ್ತಿಲಲ್ಲಿ ಈಗ ಚಪ್ಪರದ ಕಂಬವೂ ಇಲ್ಲ. ಆ ಕಡೆ ಗಿಡ ಬೇಕಾದವರು ದೊಡ್ಡ ನರ್ಸರಿಗಳಿಂದ ತರಿಸಿಕೊಳ್ಳುತ್ತಾರೆ. ಅವ್ವನ ಬೆರಳಿನ ಗಂಟುಗಳು ಊದಿಕೊಂಡು ಮಡಚಲು ಬರುವುದಿಲ್ಲ. ಊರಿಗೆ ಹೋದಾಗ ಅವಳ ಉಗುರು ನಾನೇ ಕತ್ತರಿಸುತ್ತೇನೆ. ಕಳೆದ ಸಲ ಒಂಬತ್ತು ಬೆರಳು ಮುಗಿಸಿ, ಬಲಗೈ ಹೆಬ್ಬೆರಳನ್ನು ಹಾಗೇ ಬಿಟ್ಟು ಕಟ್ಟರ್ ಮಡಚಿದೆ. ಅವ್ವ ಸ್ವಲ್ಪ ಹೊತ್ತು ಆ ಉಗುರನ್ನು ನೋಡಿದಳು. ಆಮೇಲೆ ನನ್ನ ಮುಂದೆ ಕೈ ಚಾಚಿದಳು.

"ಇದ್ನೂ ತೆಗಿ ಮಗಾ. ಇದಕ್ಕಿನ್ನೇನು ಕೆಲ್ಸ ಐತೆ?"

ನಾನು ಕತ್ತರಿಸಿದೆ.