ಸಾಲಿನ ಕೊನೆ ಕದ್ದವಳು

ನನ್ನ ವಾರಗಿತ್ತಿಯ ಗಂಟಲು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಕಲ್ಯಾಣದುರ್ಗದ ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಸೋಬಾನೆ ಪದಕ್ಕೆ ಮೊದಲ ದನಿ ನನ್ನದು. ಮೈದುನನ ಕೈಹಿಡಿದು ಬಂದ ಇವಳಿಗೆ ಪದಗಳನ್ನೆಲ್ಲ ಕಲಿಸಿದವಳೂ ನಾನೇ. ಆಮೇಲೆ ಅವರು ಹಿಂದೂಪುರದಲ್ಲಿ ಮನೆ ಮಾಡಿದರೂ, ನಮ್ಮ ಕಡೆಯ ಮದುವೆಗಳಿಗೆ ಅವಳು ತಪ್ಪದೆ ಬರುವಳು.

ಈಚೆಗೆ ಅವಳು ಒಂದು ಚಾಳಿ ಕಲಿತಿದ್ದಳು. ನಾನು ಸಾಲು ಎತ್ತಿ ಕೊನೆಗೆ ಎಳೆಯುವಷ್ಟರಲ್ಲಿ ನಡುವೆ ನುಗ್ಗಿ ತಾನೇ ಎಳೆದು ಮುಗಿಸುವಳು. ಹೆಂಗಸರು ತಲೆದೂಗುವುದು ಆ ಎಳೆತಕ್ಕೇ. ಬಿತ್ತಿದವಳು ನಾನು, ಕೊಯ್ದವಳು ಅವಳು.

ಹೋದ ಮಾಘದಲ್ಲಿ ಹಿಂದೂಪುರದಲ್ಲೇ ಅವಳ ಮಗಳ ಮದುವೆ. ಹಸೆಯ ಮುಂದೆ ಮತ್ತೆ ಹಾಗೇ ಮಾಡಿದಳು. ಮಾರನೆಯ ದಿನ ನೆಂಟರು ಹೊರಟ ಮೇಲೆ ಕೇಳಿಯೇಬಿಟ್ಟೆ.

"ನಾನು ಸಾಯೋಗಂಟ ತಡಕಳಕ್ಕಾಗಲ್ವೇನೇ ನಿಂಗೆ?"

ಅಷ್ಟು ಕೂಗಿದ್ದಕ್ಕೇ ಕೆಮ್ಮು ಒತ್ತರಿಸಿ ಬಂತು. ಗೋಡೆ ಹಿಡಿದು ನಿಂತೆ.

ಅವಳು ಜಗಳಕ್ಕೆ ಬರಲಿಲ್ಲ. "ಅಕ್ಕಾ, ಇಲ್ಲೊಬ್ರು ಎದೆ ಡಾಕ್ಟರಮ್ಮ ಅವ್ರೆ. ಮಿಷನ್ನಿಗೆ ಊದುಸಿ ಉಸ್ರು ಎಷ್ಟೈತೆ ಅಂತ ನೋಡ್ತಾರೆ. ಒಂದ್ಸಲ ಊದ್ಬುಟ್ಟು ಬರಾಣ ಬಾರಮ್ಮ," ಅಂದಳು.

ನನ್ನ ಉಸಿರನ್ನು ಅಳೆಯುತ್ತಾರಂತೆ! ಮೂವತ್ತು ವರ್ಷ ಸೌದೆ ಒಲೆ ಊದಿದವಳು ನಾನು. ಇವಳ ಬಾಯಿ ಮುಚ್ಚಿಸಲೆಂದೇ ಆಟೋ ಹತ್ತಿದೆ.

ಡಾಕ್ಟರಮ್ಮ ಕೊಳವೆಯನ್ನು ನನ್ನ ಬಾಯಿಗಿಟ್ಟು, ಇನ್ನೂ ಊದು ಎಂದು ತೆಲುಗಿನಲ್ಲಿ "ಇಂಕಾ, ಇಂಕಾ" ಎನ್ನುತ್ತಲೇ ಇದ್ದರು. ನನ್ನಲ್ಲಿ ಇನ್ನೇನೂ ಉಳಿದಿರಲಿಲ್ಲ. ಒಂದು ಔಷಧಿ ಎಳೆದುಕೊಳ್ಳಲು ಹೇಳಿ, ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಊದಿಸಿದರು. ಹೆಚ್ಚು ವ್ಯತ್ಯಾಸವಾಗಲಿಲ್ಲ. ಶ್ವಾಸಕೋಶದಲ್ಲಿ ಗಾಳಿಯ ದಾರಿ ಕಿರಿದಾಗಿದೆ ಎಂದರು. ನಾನು ಬೀಡಿ ಮುಟ್ಟಿದವಳಲ್ಲ ಎಂದೆ. ಒಲೆಯ ಹೊಗೆಯೂ ಸಾಕಂತೆ. ಹೋದದ್ದು ಪೂರ್ತಿ ಹಿಂದಿರುಗುವುದಿಲ್ಲ, ಆದರೆ ದಿನವೂ ಔಷಧಿ ಎಳೆದುಕೊಂಡು, ಹೊಗೆಯಿಂದ ದೂರವಿದ್ದರೆ ಇರುವುದನ್ನು ಉಳಿಸಿಕೊಳ್ಳಬಹುದಂತೆ.

"ಎಷ್ಟು ದಿನದಿಂದಮ್ಮಾ ಆಯಾಸ?"

"ಒಂದು ತಿಂಗಳಿಂದ," ಅಂದೆ.

"ಇಲ್ಲ ಮೇಡಂ, ಎರಡು ವರ್ಷ ಆಯ್ತು," ಎಂದು ವಾರಗಿತ್ತಿ ಬಾಯಿ ಹಾಕಿದಳು. "ಪದ ಹೇಳುವಾಗ ಸಾಲಿನ ಕೊನೆಗಂಟ ಅಕ್ಕನಿಗೆ ಉಸ್ರು ಸಾಲ್ತಿರ್ಲಿಲ್ಲ. ಜನಕ್ಕೆ ಗೊತ್ತಾಗ್ಬಾರ್ದು ಅಂತ ನಾನೇ ಎತ್ಕಂತಿದ್ದೆ."

"ಮತ್ತೆ ಆಗಲೇ ಕರ್ಕೊಂಡು ಬರೋದಲ್ವಾ?" ಎಂದು ಡಾಕ್ಟರಮ್ಮ ಅವಳನ್ನು ಗದರಿದರು.

ಹೊರಗೆ ಬಂದು ನಾನೂ ಅದನ್ನೇ ಕೇಳಿದೆ. "ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಪದ ಹೇಳೋದೇ ಬಿಟ್ಬುಡ್ತಿದ್ದೆ ಕಣಕ್ಕ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಅವಳನ್ನು ತಬ್ಬಿಕೊಳ್ಳಬೇಕಿತ್ತು. ಆಗಲೂ ಹೊಟ್ಟೆ ಉರಿಯಿತು. ಅವಳು ಕಳ್ಳಿಯೇ ಆಗಿದ್ದರೆ ಚೆನ್ನಾಗಿತ್ತು.