ಭರಣಿಯ ತಳದ ಗಿಣಿ

ನಮ್ಮತ್ತೆಯ ತವರಿನಿಂದ ಬಂದ ಬೆಳ್ಳಿಯ ಕುಂಕುಮದ ಭರಣಿಯೊಂದು ನಮ್ಮ ಮನೆಯಲ್ಲಿದೆ. ಮುಷ್ಟಿಯೊಳಗೆ ಮುಚ್ಚಿಹೋಗುವಷ್ಟು ಚಿಕ್ಕದು. ಅದನ್ನು ಮಾಡಿದ ಅಕ್ಕಸಾಲಿಗ ತನ್ನ ಗುರುತಿಗೆಂದು ತಳದಲ್ಲಿ ಒಂದು ಗಿಣಿಯ ಮುದ್ರೆ ಒತ್ತಿದ್ದನಂತೆ. ಹೋದ ತಿಂಗಳು ಹೊಸಕೋಟೆಯಿಂದ ಬಂದ ನಾದಿನಿ ಭರಣಿಯನ್ನು ತಿರುಗಿಸಿ ನೋಡಿದಾಗ ಅಲ್ಲಿ ಗಿಣಿಯೂ ಇರಲಿಲ್ಲ, ಅದರ ಪುಕ್ಕವೂ ಇರಲಿಲ್ಲ.

"ಅತ್ತಿಗೆ, ಅಮ್ಮಂದು ಇದೇನಾ?" ಎಂದಳು.

ಅಷ್ಟೇ ಮಾತು. ಹಳೆಯದನ್ನು ಅಂಗಡಿಗೆ ಹಾಕಿ ನಾನು ಹೊಸದನ್ನು ತಂದಿಟ್ಟಿದ್ದೇನೆ ಎಂದು ಅದರರ್ಥ. ಕಳ್ಳಿ ಎಂದೇ ಬೈದಿದ್ದರೆ ಎಷ್ಟೋ ವಾಸಿ, ತಿರುಗಿ ಬೈಯಬಹುದಿತ್ತು. ಆದರೆ ಜಗಳಕ್ಕೂ ನನ್ನಲ್ಲಿ ತ್ರಾಣವಿರಲಿಲ್ಲ. ಅತ್ತೆ ಹಾಸಿಗೆ ಹಿಡಿದು ವರ್ಷದ ಮೇಲಾಗಿದೆ. ಅವರ ಕಿವಿಗೆ ಇದು ಬೀಳುವುದು ಬೇಡವೆಂದು, ಯಜಮಾನರನ್ನು ಅವರ ಹತ್ತಿರ ಕೂರಿಸಿ, ತರಕಾರಿ ತರುತ್ತೇವೆಂದು ಹೇಳಿ ಇಬ್ಬರೂ ದೊಡ್ಡಬಳ್ಳಾಪುರದ ಪೇಟೆಗೆ ಹೋದೆವು.

ಬೆಳ್ಳಿ ಅಂಗಡಿಯವರು ತಳಕ್ಕೆ ಭೂತಗನ್ನಡಿ ಹಿಡಿದರು.

"ಏನಮ್ಮಾ, ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ತೀರಾ?"

"ಪ್ರತಿ ಶುಕ್ರವಾರ."

"ಹಿಂಗ್ ತಿಕ್ಕಿದ್ರೆ ಗಿಣಿ ಏನು, ಆನೆ ಇದ್ರೂ ಸವೆದೋಗುತ್ತೆ!"

ಮುಖ ಕಾಣುವಂತೆ ಹೊಳೆಯಬೇಕೆಂದು ಅತ್ತೆಯೇ ಹಾಗೆ ಉಜ್ಜಲು ಕಲಿಸಿದ್ದರು. ನನ್ನ ಪರವಾಗಿದ್ದ ಒಂದೇ ಸಾಕ್ಷಿಯನ್ನು ನಾನೇ ತಿಕ್ಕಿ ತಿಕ್ಕಿ ಅಳಿಸಿದ್ದೆ. ನಗುವಂತೆಯೂ ಇಲ್ಲ, ಅಳುವಂತೆಯೂ ಇಲ್ಲ.

"ತೆಳು ತಗಡಮ್ಮಾ ಇದು. ಹೊರಗೆ ಅಚ್ಚು ಹೊಡೆದ್ರೆ ಒಳಗೆ ಉಬ್ಬುತ್ತೆ. ಕುಂಕುಮ ತೆಗೆದು ನೋಡ್ಲಾ?" ಎಂದು ಅವರು ಕೇಳಿದರು.

ಭರಣಿ ಬರಿದಾಗಬಾರದು ಎಂಬುದು ನಮ್ಮಲ್ಲಿಯ ಪದ್ಧತಿ. ಮುಗಿಯುವ ಮೊದಲೇ ತುಂಬುತ್ತೇವೆ, ಹಾಗಾಗಿ ಒಳಗೆ ಯಾರೂ ತೊಳೆಯುವುದಿಲ್ಲ. ನಾನು ಹಿಂಜರಿದೆ. ನಾದಿನಿಯೇ ಕಾಗದ ಹಾಸಿ ಕುಂಕುಮ ಸುರಿದಳು. ತಳದಲ್ಲಿ ಗಟ್ಟಿಯಾಗಿ ಕೂತಿದ್ದನ್ನು ಅಂಗಡಿಯವರು ಒದ್ದೆ ಬ್ರಷ್ಷಿನಿಂದ ಬಿಡಿಸಿದರು. ಉಬ್ಬಿಕೊಂಡ ಗಿಣಿ ಕಾಣಿಸಿತು, ಕೊಕ್ಕು ಬಾಲ ಸಮೇತ. ಹುಣಸೆಹಣ್ಣು ಅಲ್ಲಿಗೆ ಮುಟ್ಟಿರಲಿಲ್ಲ.

"ತಪ್ಪಾಯ್ತು ಅತ್ತಿಗೆ," ಎಂದು ನಾದಿನಿ ಅಲ್ಲೇ ಕಣ್ಣೊರೆಸಿಕೊಂಡಳು. ಪಕ್ಕದ ಅಂಗಡಿಯಿಂದ ಹೊಸ ಕುಂಕುಮ ತಂದು ತಾನೇ ತುಂಬಿಕೊಟ್ಟು ಬಸ್ಸು ಹತ್ತಿದಳು. ನನಗೆ ಗೆದ್ದೆ ಎನಿಸಲಿಲ್ಲ. ಕಾಲು ನೋಯುತ್ತಿತ್ತು, ಮನೆ ಸೇರಿದರೆ ಸಾಕಾಗಿತ್ತು.

ಬಂದು ತರಕಾರಿ ಚೀಲ ಇಳಿಸುತ್ತಿದ್ದೆ. ಅತ್ತೆ ಮಂಚದಿಂದಲೇ ಕೇಳಿದರು.

"ಗಿಣಿ ಇತ್ತಾ?"

ನಾವು ಅವರಿಗೆ ಏನೂ ಹೇಳಿರಲಿಲ್ಲ.

"ಇತ್ತು ಅತ್ತೆ," ಎಂದೆ.

"ಸದ್ಯ. ನಂಗೆ ಕಣ್ಣು ಸರಿಯಾಗಿ ಕಾಣ್ಸಲ್ಲ, ನೀನೇ ತಿರುಗ್ಸಿ ನೋಡೇ ಅಂತ ಅವಳಿಗೆ ಹೇಳಿದ್ದೆ," ಎಂದು ಗೋಡೆಯ ಕಡೆ ಮಗ್ಗುಲಾದರು.

ಹುಣ್ಣಾಗದಿರಲೆಂದು ಅವರ ಬೆನ್ನಿಗೆ ಪೌಡರ್ ಹಚ್ಚುವ ಹೊತ್ತಾಗಿತ್ತು. ಡಬ್ಬಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೇ ಇದ್ದೆ. ಆಮೇಲೆ ಹಚ್ಚಿದೆ.